ನನ್ನ ತಮ್ಮ ಒಂಬತ್ತು

ನಮ್ಮ ಮನೆಯಲ್ಲಿ ಮಾತಿಗಿಂತ ಕೈ ಮುಂದೆ. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಅಡತಿ ಅಂಗಡಿ ಇಟ್ಟಿದ್ದ. ರೈತರು ನಮ್ಮ ಕಟ್ಟೆಗೆ ಮಾಲು ತಂದು ಸುರುವುತ್ತಿದ್ದರು, ಖರೀದಿದಾರರು ಬಂದು ನೋಡಿ ಕೊಳ್ಳುತ್ತಿದ್ದರು. ಚೀಲಗಳ ಸಾಲು ಒಂದು ಗೇಣು ಡೊಂಕಾದರೆ ಅಪ್ಪನ ಬಾರಕೋಲು ಗೋಡೆಯಿಂದ ಇಳಿಯುತ್ತಿತ್ತು. ಡೊಂಕು ಮಾಡಿದವನು ಹಮಾಲ, ಪೆಟ್ಟು ಮಾತ್ರ ನಮಗೆ. ಹಮಾಲನಿಗೆ ಹೊಡೆದರೆ ಅವನು ಮರುದಿನ ಬರುವುದಿಲ್ಲವಲ್ಲ!

ನಾನು ಪೆಟ್ಟು ತಿನ್ನುತ್ತಲೇ ತಿರುಗಿ ಬೈಯುತ್ತಿದ್ದೆ. ಒಮ್ಮೆ ಅಪ್ಪನ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದ್ದೆ. ನನ್ನ ತಮ್ಮನ ರೀತಿಯೇ ಬೇರೆ. ಬಾರಕೋಲು ಇಳಿದದ್ದು ಕಂಡರೆ ಸಾಕು, ಕಟ್ಟೆಯ ಮೇಲೆ ಕುಳಿತು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದ. ಬೆನ್ನ ಮೇಲೆ ಬಾಸುಂಡೆ ಏಳುತ್ತಿದ್ದರೂ ಕೈ ಹೊರಗೆ ಬರುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಅಲ್ಲೇ ಚೀಲಗಳ ನಡುವೆ ಮಲಗಿ ನಿದ್ದೆ ಹೋಗುತ್ತಿದ್ದ. "ಥೂ, ಹೇಡಿ" ಎಂದು ನಾನು ಅವನ ಕಾಲಿಗೊಂದು ಒದ್ದು ಹೋಗುತ್ತಿದ್ದೆ.

ಅಪ್ಪ ಸತ್ತ ಮೇಲೆ ಅಂಗಡಿ ನಮ್ಮಿಬ್ಬರದಾಯಿತು. ಅಷ್ಟರಲ್ಲಿ ನಾನು ಗಂಡನ ಮನೆ ಬಿಟ್ಟು ಬಂದಿದ್ದೆ. ಅದರದೂ ದೊಡ್ಡ ಕತೆಯೇನಲ್ಲ. ಅವನು ಕೈ ಎತ್ತಿದ, ನಾನು ಒನಕೆ ಎತ್ತಿದೆ, ಸಂಸಾರ ಮುಗಿಯಿತು. ಬ್ಯಾಡಗಿ ಪೇಟೆಯಲ್ಲಿ ಹೆಂಗಸು ಅಡತಿ ಅಂಗಡಿ ನಡೆಸುವುದೆಂದರೆ ಹುಡುಗಾಟವಲ್ಲ. ತೂಕದಲ್ಲಿ ಮೋಸ ಮಾಡಲು ಬಂದ ಒಬ್ಬ ಖರೀದಿದಾರನ ಕಪಾಳಕ್ಕೆ ಎಲ್ಲರ ಎದುರು ಬಾರಿಸಿದ್ದೆ, ಅವನ ಕನ್ನಡಕ ಮೆಣಸಿನಕಾಯಿ ರಾಶಿಯೊಳಗೆ ಹೋಗಿ ಬಿದ್ದಿತ್ತು. ಆ ಮೇಲೆ ಯಾರೂ ನನ್ನ ತಕ್ಕಡಿಯ ಹತ್ತಿರ ಕೈಚಳಕ ತೋರಿಸಲಿಲ್ಲ. ತಮ್ಮ ಮಾತ್ರ ಆ ಖರೀದಿದಾರನ ಮನೆಗೆ ಹೋಗಿ, ಕ್ಷಮೆ ಕೇಳಿ, ಚಹಾ ಕುಡಿದು ಬಂದ. ನಾನು ಮುರಿದದ್ದನ್ನು ಜೋಡಿಸುತ್ತ ತಿರುಗುವುದೇ ಅವನ ಕೆಲಸವಾಗಿತ್ತು. ಆ ಗಡಿಬಿಡಿಯಲ್ಲಿ ಮದುವೆಯ ವಯಸ್ಸೂ ದಾಟಿಹೋಗುತ್ತಿತ್ತು.

ನನಗೆ ಬಿಪಿ ಶುರುವಾಯಿತು. ರಾಣೇಬೆನ್ನೂರಿನ ಡಾಕ್ಟರು ಗುಳಿಗೆ ಬರೆದುಕೊಟ್ಟು, "ಗುಳಿಗಿ ಅರ್ಧ ಕೆಲಸ ಮಾಡ್ತಾವ್ರಿ. ಉಳದರ್ಧ ನಿಮ್ಮ ಸಿಟ್ಟು ಇಳದ್ರನ ಆಗೂದು" ಎಂದರು. ಅವರಿಗೆ ಗುರುತಿನವರೊಬ್ಬರು, ನಿವೃತ್ತ ಪ್ರಾಧ್ಯಾಪಕರು, ಹಾವೇರಿಯ ಕಲ್ಯಾಣ ಮಂಟಪವೊಂದರಲ್ಲಿ ಭಾನುವಾರಕ್ಕೊಮ್ಮೆ ಸ್ವಭಾವದ ಕ್ಲಾಸು ನಡೆಸುತ್ತಿದ್ದರು. ಎನ್ನಿಯಾಗ್ರಾಂ ಅಂತ ಅದರ ಹೆಸರು. ನಾನು ಹೋಗುವುದಿಲ್ಲ ಎಂದೆ. ತಮ್ಮ ಬಸ್ಸಿನಲ್ಲಿ ಕೂಡಿಸಿಯೇಬಿಟ್ಟ, ತಾನೂ ಪಕ್ಕದಲ್ಲಿ ಕುಳಿತ.

ಸರ್ ಹಲಗೆಯ ಮೇಲೆ ಒಂದು ಚಕ್ರ ಬರೆದು ಅದರ ಅಂಚಿಗೆ ಒಂಬತ್ತು ಅಂಕಿ ಹಾಕಿದರು. ಒಂದೊಂದು ಅಂಕಿ ಒಂದೊಂದು ಸ್ವಭಾವವಂತೆ. ಮೊದಲು ನನಗೆ ನಗು ಬಂತು, ಇದ್ಯಾವ ಗಿಳಿಶಾಸ್ತ್ರ ಅನ್ನಿಸಿತು. ಆದರೆ ಅವರು ಚಕ್ರದ ನೆತ್ತಿಯ ಮೇಲಿನ ಮೂರು ಅಂಕಿಗಳಿಗೆ ಬಂದಾಗ ನಗು ನಿಂತಿತು.

"ಎಂಟು, ಒಂಬತ್ತು, ಒಂದು. ಈ ಮೂರೂ ಹೊಟ್ಟಿ ಮಂದಿ, ತಲಿಯಿಂದಲ್ಲ, ಹೊಟ್ಟಿಯೊಳಗಿನ ಕಿಚ್ಚಿನಿಂದ ನಡಿಯೂ ಮಂದಿ. ಇವರೆಲ್ಲಾರ ಬಂಡವಾಳ ಸಿಟ್ಟು. ಎಂಟರಂವ ಸಿಟ್ಟು ಹೊರಗ ಒಗೀತಾನ. ಒಂದರಂವ ಹಲ್ಲಾಗ ಹಿಡದು, ಎಲ್ಲಾ ನೆಟ್ಟಗ ಇರಬೇಕಂತ ಮಂದೀ ಮ್ಯಾಲೆ ತೀರಸ್ಕೊಂತಾನ. ಒಂಬತ್ತರಂವ ಸಿಟ್ಟನ್ನ ಮಲಗಿಸಿಬಿಡ್ತಾನ. ಅವಗ ಜಗಳ ಬ್ಯಾಡ. ಎಲ್ಲಾರೂ ಕೂಡಿ ಇರಬೇಕು."

ಚೀಲದ ಸಾಲು, ಬಾರಕೋಲು, ತೊಡೆಯ ಕೆಳಗಿನ ಕೈ, ಎಲ್ಲ ಕಣ್ಣ ಮುಂದೆ ಬಂದವು. ಅಪ್ಪ ಒಂದು, ನಾನು ಎಂಟು, ತಮ್ಮ ಒಂಬತ್ತು. ಮನೆಗೆ ಬಂದು ನೋಡಿದವರ ಹಾಗೆ ಹೇಳಿಬಿಟ್ಟರಲ್ಲ ಈ ಮುದುಕರು ಅನ್ನಿಸಿತು. ನಾನು ಎಂಟು ಎಂದು ಎದ್ದು ನಿಂತು ಹೇಳಿದಾಗ ತಮ್ಮ ಪಕ್ಕದಿಂದ, "ಸುಳ್ರಿ ಸರ್. ನಮ್ಮಕ್ಕ ಬ್ಯಾಡಗಿ ಕಾಯಿ. ಬಣ್ಣ ಭಾಳ, ಖಾರ ಕಡಿಮಿ" ಎಂದ. ಮಂಟಪವೆಲ್ಲ ನಕ್ಕಿತು. ನಾನು ಅವನ ತಲೆಗೆ ಮೊಟಕಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಗಂಡಸಿಗೆ "ಒಂಬತ್ತು" ಎಂದರೆ ಅವನು ಗಂಡಸೇ ಅಲ್ಲ ಎಂದು ಹೀಯಾಳಿಸಿದ ಹಾಗೆ. ಪೇಟೆಗೆ ಚಪ್ಪಾಳೆ ತಟ್ಟುತ್ತ ಬರುವ ಮಂಗಳಮುಖಿಯರ ಬೆನ್ನಿಗೂ ಪುಂಡರು ಇದೇ ಮಾತನ್ನು ಎಸೆಯುತ್ತಾರೆ. ಸರ್ ಆ ಅಂಕಿಯನ್ನು ಬರೆದಾಗ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ನಾನು ತಿರುಗಿ ನೋಡಿದೆ, ಬಾಯಿ ಮುಚ್ಚಿದರು. ಮುಂದೆ ಎಷ್ಟೋ ಭಾನುವಾರ ಆ ಮಂಟಪದೊಳಗೆ ಒಂಬತ್ತು ಎಂದರೆ ಶಾಂತ ಮನುಷ್ಯ, ಅಷ್ಟೇ. ಆ ಮಾತು ತೊಳೆದಿಟ್ಟ ತಾಟಿನ ಹಾಗೆ ಸ್ವಚ್ಛವಾಗಿತ್ತು. ಹುಟ್ಟಿದಾಗಿನಿಂದ ಹೇಡಿ ಅನ್ನಿಸಿಕೊಂಡವನಿಗೆ ಮೊದಲ ಸಲ ಒಂದು ಒಳ್ಳೆಯ ಹೆಸರು ಸಿಕ್ಕಿತ್ತು, ಅವನು ಅದನ್ನು ಎದೆಗೆ ಹಚ್ಚಿಕೊಂಡ.

ಒಂದು ದಿನ ಸರ್ ಹುಟ್ಟುಗುಣದ ಬಗ್ಗೆ ಹೇಳಿದರು. ಸ್ವಭಾವದ ಕೆಳಗೆ ಪ್ರಾಣಿಯ ಹಾಗೆ ಒಂದು ಸೆಳೆತ ಇರುತ್ತದೆ. ಕೆಲವರಿಗೆ ತಮ್ಮ ಜೀವ ಮೊದಲು, ಕೆಲವರಿಗೆ ಗುಂಪು ಮೊದಲು, ಕೆಲವರಿಗೆ ಯಾರೋ ಒಬ್ಬರು ಮೊದಲು. "ಮನಿಗೆ ಬೆಂಕಿ ಹತ್ತಿತು ಅಂತ ತಿಳಕೊಳ್ರಿ. ಮೊದಲ ಏನ್ ಮಾಡ್ತೀರಿ?" ಎಂದು ಒಬ್ಬೊಬ್ಬರನ್ನೂ ಕೇಳಿದರು. ನಾನು, "ಹಚ್ಚಿದಂವನ್ನ ಹುಡುಕತೇನಿ" ಎಂದೆ. ತಮ್ಮ, "ನಮ್ಮಕ್ಕನ್ನ ಎಬ್ಬಸ್ತೇನ್ರಿ" ಎಂದ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳು ಹಿಂದೆ ತಿರುಗಿ ಅವನ ಮುಖ ನೋಡಿದಳು.

ಆಕೆ ಗುತ್ತಲದವಳು, ಶಾಲೆಯಲ್ಲಿ ಟೀಚರ್. ಲಗ್ನವಾಗಿರಲಿಲ್ಲ, ತಾಯಿ ತಂದೆ ಇಲ್ಲ, ಅಣ್ಣನ ಮನೆಯಲ್ಲಿ ಇದ್ದಳು. ಆಕೆಯ ಅಂಕಿ ಆರು: ಸದಾ ಅಂಜಿಕೆ, ಬಾಗಿಲ ಚಿಲಕ ಹಾಕಿದ ಮೇಲೂ ಮತ್ತೆ ಹೋಗಿ ಮುಟ್ಟಿ ನೋಡುವ ಸ್ವಭಾವ. ಚಹಾದ ವೇಳೆಗೆ ಇಬ್ಬರೂ ಕಿಟಕಿಯ ಹತ್ತಿರ ನಿಂತು ಮಾತಾಡುವುದು ಶುರುವಾಯಿತು. ಆಮೇಲೆ ಫೋನು. ಅಂಗಡಿಯ ಗದ್ದಲದಲ್ಲೂ ಇವನು ಮೂಲೆಗೆ ಸರಿದು, "ಏನ್ ಆರು, ಊಟ ಆತೇನು?" ಎನ್ನುತ್ತಿದ್ದ. ಆ ಕಡೆಯಿಂದ ಆಕೆ ಇವನನ್ನು ಒಂಬತ್ತು ಅನ್ನುತ್ತಿದ್ದಳು. ಅವನು ಹಾಗೆ ನಗುವುದನ್ನು ನಾನು ನೋಡಿರಲೇ ಇಲ್ಲ. ದೇವರೇ, ಇದೊಂದು ಕೂಡಿಬರಲಿ, ನಾನು ಹಾಳಾಗಿ ಹೋದರೂ ಚಿಂತೆಯಿಲ್ಲ ಎಂದು ಕೈಮುಗಿದೆ.

ಒಂದು ಶನಿವಾರ ಗುತ್ತಲದವರು ಕದರಮಂಡಲಗಿಯ ಹನಮಪ್ಪನ ದರ್ಶನ ಮುಗಿಸಿ ಹಾಗೆಯೇ ಹುಡುಗನನ್ನು ನೋಡಲು ಅಂಗಡಿಯ ಹಿಂದಿನ ನಮ್ಮ ಮನೆಗೆ ಬಂದರು. ಟೀಚರ್, ಅವಳ ಅಣ್ಣ, ಜೊತೆಗೊಬ್ಬ ಹಿರಿಯರು. ಅಣ್ಣ ಎತ್ತರದ ಆಳು, ಕಲ್ಲಿನಂಥ ಭುಜ. ನಾನು ಹಿತ್ತಾಳೆ ತಂಬಿಗೆಯಲ್ಲಿ ನೀರು ಕೊಟ್ಟೆ, ಚುರಮುರಿ ಗಿರಮಿಟ್ಟು, ಮಿರ್ಚಿ ಬಜಿ ಬಡಿಸಿದೆ. ಅವನು ಗಿರಮಿಟ್ಟು ಬಾಯಿಗೆ ಹಾಕಿಕೊಳ್ಳುತ್ತ ತಮ್ಮನನ್ನು ಅಳೆಯುತ್ತಿದ್ದ.

"ನಮ್ಮ ತಂಗಿ ನೀ ಭಾಳ ಶಾಂತ ಮನಿಶಾ ಅಂತಾಳ. ಹೌದೇನಪಾ?"

"ಹೌದ್ರಿ" ಎಂದ ನನ್ನ ತಮ್ಮ. ಮುಖದ ತುಂಬ ನಗು. "ನಾ ಒಂಬತ್ತು ರಿ."

ಹೊರಗಿನ ಕಟ್ಟೆಯಲ್ಲಿ ಚೀಲ ಹೊಲಿಯುತ್ತಿದ್ದ ಹಮಾಲ ಗೊಳ್ಳೆಂದು ನಕ್ಕ. ಹಿರಿಯರು ಕೆಮ್ಮಿದರು. ಟೀಚರಳ ಅಣ್ಣನ ಕೈ ತಟ್ಟೆಯ ಮೇಲೆಯೇ ನಿಂತಿತು.

"ಏನಂದೀ?"

"ಅಣ್ಣಾ, ಅದು ಹಂಗಲ್ಲ. ಕ್ಲಾಸಿನ್ಯಾಗ ಹೇಳೂ ನಂಬರ ಅದು..." ಎಂದು ಟೀಚರ್ ಬಾಯಿ ತೆರೆದಳು.

"ನೀ ಬಾಯಿ ಮುಚ್ಚು! ಇಂಥಾವನ್ನ ನೋಡಾಕ ನನ್ನ ಇಲ್ಲೀತನಕ ಕರಕೊಂಡ ಬಂದೀಯೇನ?" ಎಂದು ಅವನು ಕುಳಿತಲ್ಲಿಂದಲೇ ತಂಗಿಯ ಕೆನ್ನೆಗೆ ಬಿಗಿದ. ಆಕೆಯ ತಲೆ ಗೋಡೆಗೆ ಬಡಿಯಿತು. ಆಕೆ ಅಳಲಿಲ್ಲ, ಸೆರಗು ಸರಿಮಾಡಿಕೊಂಡಳು. ರೂಢಿ ಇದ್ದವರು ಹಾಗೆ ಮಾಡುತ್ತಾರೆ. ಒನಕೆ ಎತ್ತುವ ಮೊದಲು ನಾನೂ ಮಾಡಿದ್ದೇನೆ.

ತಮ್ಮನನ್ನು ನೋಡಿದೆ. ಅವನ ಎರಡೂ ಕೈ ತೊಡೆಯ ಕೆಳಗಿದ್ದವು.

"ಏಳೋ! ನಿನ್ನ ಕಣ್ಣ ಮುಂದ ಆಕೀಗೆ ಹೊಡದಾನ, ಏಳೋ ಭಾಡ್ಯಾ!" ಎಂದು ಕಿರಿಚಿದೆ. ಅವನು ಕಣ್ಣು ಮುಚ್ಚಿದ. ಅಷ್ಟೇ, ನನ್ನ ತಲೆಗೆ ರಕ್ತ ಏರಿತು. ತಂಬಿಗೆ ಎತ್ತಿ ಆ ಅಣ್ಣನ ಹಣೆಗೆ ಅಪ್ಪಳಿಸಿದೆ. ನೀರು, ರಕ್ತ, ಗಿರಮಿಟ್ಟು ಎಲ್ಲ ಒಂದಾಯಿತು. ಅವನು ಹಿಂದಕ್ಕೆ ಉರುಳಿದ, ಒದೆಯಲು ಕಾಲು ಎತ್ತಿದ. ನಾನು ಅವನ ಎದೆಯ ಮೇಲೆ ಮೊಣಕಾಲು ಊರಿ ಇನ್ನೊಂದು ಏಟು ಹಾಕಲು ತಂಬಿಗೆ ಎತ್ತಿದೆ. ನಡುವೆ ಟೀಚರ್ ಬಂದಳು. ಅಣ್ಣನ ಮುಖದ ಮೇಲೆ ತನ್ನ ಮುಖ ಇಟ್ಟಳು. ನನಗೆ ಅದು ಕಂಡಿತು. ಆದರೂ ಕೈ ನಿಲ್ಲುತ್ತಿರಲಿಲ್ಲ, ನನ್ನ ಕೈಯ ಗುಣ ನನಗೆ ಗೊತ್ತು.

ಹಿಂದಿನಿಂದ ಯಾರೋ ಮಣಿಕಟ್ಟು ಹಿಡಿದರು. ತಿರುಗಿದೆ. ತಮ್ಮ.

ಹಿಡಿದು ನಿಲ್ಲಿಸಿದ್ದರೆ ಆಗುತ್ತಿತ್ತು. ಅವನು ತಿರುಚಿದ. ತಂಬಿಗೆ ಕೆಳಗೆ ಬಿತ್ತು, ಆದರೂ ತಿರುಚಿದ. ಹಸಿ ಕಟ್ಟಿಗೆ ಮುರಿದಂಥ ಸದ್ದಾಯಿತು, ಅದು ನನ್ನ ಎಲುಬು. ನನ್ನನ್ನು ಎತ್ತಿ ಗೋಡೆಗೆ ಒತ್ತಿದ, ಇನ್ನೊಂದು ಕೈಯಿಂದ ಕುತ್ತಿಗೆ ಹಿಡಿದ. "ಸಾಕು, ಸಾಕು, ಸಾಕು" ಎನ್ನುತ್ತಿದ್ದ, ಒಂದೊಂದು ಸಲಕ್ಕೂ ನನ್ನ ತಲೆಯನ್ನು ಗೋಡೆಗೆ ಬಡಿಯುತ್ತಿದ್ದ. ಅವನ ಬೆನ್ನ ಹಿಂದೆ ಟೀಚರ್, "ಬಿಡ್ರಿ! ಸಾಯ್ತಾರ, ಬಿಡ್ರಿ!" ಎಂದು ಚೀರಿದಳು. ಆಗ ಬಿಟ್ಟ. ಬಿಟ್ಟು ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಆಮೇಲೆ ಮಗುವಿನ ಹಾಗೆ ಅತ್ತ.

ರಾಣೇಬೆನ್ನೂರಿನ ಎಲುಬಿನ ಡಾಕ್ಟರು ಪಟ್ಟಿ ಹಾಕುವಾಗ ಹೇಗಾಯಿತು ಎಂದು ಕೇಳಿದರು. ಬಿದ್ದೆ ಎನ್ನಲು ಬಾಯಿ ತೆರೆದೆ. ತಮ್ಮ ಅದಕ್ಕೆ ಮೊದಲೇ, "ನಾ ಮುರದೇನ್ರಿ" ಎಂದ.

ಹೊರಗೆ ಬೆಂಚಿನ ಮೇಲೆ ಕುಳಿತಾಗ ನಾನು ನಗಿಸಲು ನೋಡಿದೆ. "ಅಂತೂ ಎದ್ದೆಲ್ಲಪಾ. ಇಷ್ಟ ವರ್ಷ ಏಳು ಏಳು ಅಂತ ಬಡಕೊಂಡೆ."

ಅವನು ನಗಲಿಲ್ಲ. "ಅಕ್ಕಾ, ನಾ ಅಂಜಿ ಕುಂದರತಿದ್ದೆ ಅಂತ ತಿಳಕೊಂಡೀಯೇನು? ಅಪ್ಪನ ಬಾರಕೋಲು ಕಸಗೊಂಡ್ರ ಅಪ್ಪನ್ನ ಕೊಂದ ಬಿಡ್ತೇನಿ ಅನ್ನಸ್ತಿತ್ತು. ಸಣ್ಣಾಂವ ಇದ್ದಾಗಿಂದನೂ. ಅದಕ್ಕ ಕೈ ಮ್ಯಾಲೆ ಕುಂದರತಿದ್ದೆ. ಈ ಕೈ ಬಿಟ್ರ ಏನ್ ಆಕ್ಕತಿ ಅಂತ ನನಗ ಗೊತ್ತಿತ್ತು."

ಒದ್ದು ಹೋಗುತ್ತಿದ್ದೆನಲ್ಲ ನಾನು, ಆ ಕಾಲುಗಳಿಗೆ.

ಟೀಚರಳ ಅಣ್ಣ ಹಣೆಗೆ ಹೊಲಿಗೆ ಹಾಕಿಸಿಕೊಂಡು, ಕೇಸು ಮಾಡುತ್ತೇನೆ, ನಿಮ್ಮ ಅಂಗಡಿಗೆ ಬೆಂಕಿ ಹಚ್ಚುತ್ತೇನೆ ಎಂದು ಹಾರಾಡಿದ. ತಂಗಿಗೆ ಮೊದಲು ಕೈ ಮಾಡಿದವನು ನೀನೇ ಎಂದು ಹಿರಿಯರು ನೆನಪಿಸಿದ ಮೇಲೆ ತಣ್ಣಗಾದ. ಪೇಟೆಯಲ್ಲಿ ಮಾತ್ರ ಮಾತು ಹಬ್ಬಿತು. ನಮ್ಮ ಕಟ್ಟೆಯ ಮುಂದೆ ಹಾಯುವವರು ಬೇಕೆಂದೇ ಗಟ್ಟಿಯಾಗಿ ಎಣಿಸುತ್ತಿದ್ದರು: ಏಳು, ಎಂಟು... ಅಲ್ಲಿಗೆ ನಿಲ್ಲಿಸಿ ನಗುತ್ತಿದ್ದರು. ಬಲಗೈ ಪಟ್ಟಿಯಲ್ಲಿತ್ತು, ಎಡಗೈಯಲ್ಲಿ ಕಲ್ಲು ಹಿಡಿದು ಎದ್ದೆ. ತಮ್ಮ ನನ್ನ ಕೈಯಿಂದ ಕಲ್ಲು ತೆಗೆದು ತಕ್ಕಡಿಯ ಕೆಳಗೆ ಇಟ್ಟ. ಟೀಚರಳ ಫೋನು ಬರಲಿಲ್ಲ. ಇವನೂ ಮಾಡಲಿಲ್ಲ. ಎಲ್ಲ ಮುಗಿಯಿತೆಂದೇ ನಾನು ತಿಳಿದಿದ್ದೆ.

ಒಂದು ಮಧ್ಯಾಹ್ನ ಆಕೆ ಒಬ್ಬಳೇ ಅಂಗಡಿಗೆ ಬಂದಳು. ತಮ್ಮ ಮಾಲು ಇಡಿಸಲು ಕೋಲ್ಡ್ ಸ್ಟೋರೇಜಿಗೆ ಹೋಗಿದ್ದ. ಕಟ್ಟೆಯ ಮೇಲೆ ಹೆಣ್ಣಾಳುಗಳು ತೊಟ್ಟು ಬಿಡಿಸುತ್ತಿದ್ದರು, ಘಾಟಿಗೆ ಆಕೆ ಸೀನುತ್ತಲೇ ಒಳಗೆ ಬಂದಳು. ಕೆನ್ನೆಯ ಮೇಲಿನ ಕಂದಿದ ಕಲೆ ಇನ್ನೂ ಪೂರ್ತಿ ಹೋಗಿರಲಿಲ್ಲ. ನನ್ನ ಕೈಯ ಪಟ್ಟಿಯನ್ನು ನೋಡಿದಳು.

"ಅಕ್ಕಾರ, ನಿಮಗೊಂದು ಮಾತು ಕೇಳಾಕ ಬಂದೇನಿ. ಅಣ್ಣಗ ಹೇಳದನ ಬಂದೇನಿ. ನೀವು ಖರೇ ಹೇಳ್ಬೇಕು."

"ಕೇಳವ್ವಾ."

"ಅವತ್ತ ನಾ ಅವರ ಬೆನ್ನ ಹಿಂದಿದ್ದೆ. ಅವರ ಮುಖ ನನಗ ಕಾಣಲಿಲ್ಲ. ನಿಮಗ ಕಂಡೈತಿ." ಆಕೆ ಪೆಟ್ಟು ಬಿದ್ದ ಕೆನ್ನೆ ಮುಟ್ಟಿಕೊಂಡಳು. "ನಮ್ಮಣ್ಣ ಕೈ ಎತ್ತೂ ಮೊದಲ ಅಂವನ ಮುಖ ಹೆಂಗ ಆಕ್ಕತಿ ಅಂತ ನನಗ ಗೊತ್ತೈತ್ರಿ. ಆ ಮುಖಕ್ಕ ಅಂಜಿ ಅಂಜಿ ನನ್ನ ಜಲ್ಮ ಹೋತು. ಇವರ ಮುಖದಾಗ ಅದು ಇರೂದಿಲ್ಲ ಅಂತ ನಾ ಇವರನ್ನ ಒಪ್ಪಿದ್ದೆ. ಅವತ್ತ ಅವರ ಮುಖದಾಗ ಏನಿತ್ರಿ? ನಿಮ್ಮನ್ನ ಬರೇ ಬಿಡಿಸಾಕ ಹಿಡದಿದ್ರ, ನಾ ನಾಳೆನ ರಿಜಿಸ್ಟರ್ ಲಗ್ನಾ ಆಗ್ತೇನಿ. ಅಣ್ಣ ಕಡದ್ರೂ ಅಂಜೂದಿಲ್ಲ."

ನಾನು ಪೇಟೆಯಲ್ಲಿ ಬೆಳೆದವಳು. ಸುಳ್ಳು ಹೇಳಲು ನನಗೆ ಯಾರೂ ಕಲಿಸಬೇಕಿಲ್ಲ. ನನ್ನನ್ನು ತಡೆಯಲು ಹಿಡಿದ, ಕೈ ಜೋರಾಗಿ ಬಿತ್ತು, ಅಷ್ಟೇ ಎಂದುಬಿಟ್ಟರೆ ತಮ್ಮನ ಬದುಕು ನೆಲೆ ನಿಲ್ಲುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಕೆ ಮುಂದೆ ಬಗ್ಗಿ ಕುಳಿತಿದ್ದಳು, ಕಣ್ಣು ಬೇಡುತ್ತಿದ್ದವು. ಸುಳ್ಳು ಹೇಳು ಎಂದೇ ಬೇಡುತ್ತಿದ್ದವು ಅನ್ನಿಸಿತು ನನಗೆ.

"ನಮ್ಮಪ್ಪ ಇದ್ದ" ಎಂದೆ.

"ಅಂದ್ರ?" ಎಂದಳು.

"ಅಂವನ ಮುಖದಾಗ ನಮ್ಮಪ್ಪ ಇದ್ದ. ನನ್ನ ಬಿಡಿಸಾಕ ಹಿಡದ, ಆದ್ರ ಹಿಡದ ಮ್ಯಾಲೆ ಅಪ್ಪ ಬಂದ. ನಾ ಅಪ್ಪಗ ಕಚ್ಚಿದಾಕಿ, ಗಂಡಗ ಒನಕಿ ಎತ್ತಿದಾಕಿ. ಯಾರಿಗೂ ಅಂಜಿದಾಕಿ ಅಲ್ಲ. ಅವತ್ತ ನನ್ನ ತಮ್ಮಗ ಅಂಜಿದೆ. ಕೊಲ್ತಾನ ಅನ್ನಿಸ್ತು."

"ಆಮ್ಯಾಲೆ?"

"ಆಮ್ಯಾಲೆ ಅತ್ತ."

ಆಕೆ ನಾನು ತರಿಸಿದ ಚಹಾ ಪೂರ್ತಿ ಕುಡಿದಳು, ಕಪ್ಪು ತಿರುಗಿ ಟ್ರೇಯಲ್ಲಿ ಇಟ್ಟಳು. ಎದ್ದು ನಿಂತು ನನ್ನ ಮುರಿದ ಕೈಯ ಬೆರಳುಗಳನ್ನು ಮುಟ್ಟಿದಳು.

"ಹೋಗ್ತೇನ್ರಿ, ಅಕ್ಕಾರ" ಎಂದಳು.

ನಮ್ಮಲ್ಲಿ ಮನೆಯಿಂದ ಹೊರಡುವವರು ಬರ್ತೇನಿ ಅನ್ನುತ್ತಾರೆ. ಜಗಳವಾಡಿ ಹೊರಟವರೂ ಬಾಯಿ ತಪ್ಪಿ ಬರ್ತೇನಿ ಅನ್ನುತ್ತಾರೆ. ಹೋಗ್ತೇನಿ ಅನ್ನುವುದಿಲ್ಲ, ಅಂದರೆ ಹಿರಿಯರು ಬೈಯುತ್ತಾರೆ. ಆಕೆ ಟೀಚರ್, ಮಾತಿನ ಬೆಲೆ ಗೊತ್ತಿದ್ದವಳು. ಬಾಗಿಲಲ್ಲಿ ಒಮ್ಮೆ ಸೀನಿದಳು, ಗುತ್ತಲದ ಬಸ್ಸು ಹಿಡಿಯಲು ಹಾವೇರಿಯ ಕಡೆ ಹೊರಟಳು. ನಾನು ಅವಳನ್ನು ಕರೆಯಲಿಲ್ಲ.

ತಮ್ಮ ಸಂಜೆ ಬಂದ. ಹೆಣ್ಣಾಳುಗಳು ಮೊದಲೇ ಸುದ್ದಿ ಮುಟ್ಟಿಸಿದ್ದರು. ಬಾಗಿಲಲ್ಲೇ ನಿಂತು ಕೇಳಿದ.

"ಏನ್ ಕೇಳಿದ್ಲಕ್ಕಾ?"

"ನಿನ್ನ ಮುಖದಾಗ ಏನಿತ್ತು ಅಂತ ಕೇಳಿದ್ಲು."

"ಏನ್ ಹೇಳ್ದಿ?"

"ಖರೇ ಹೇಳ್ದೆ."

"ಹೋಗೂಮುಂದ ಏನಂದ್ಲು?"

"ಹೋಗ್ತೇನಿ ಅಂದ್ಲೋ" ಎಂದೆ.

ಅವನು ತಲೆ ಆಡಿಸಿದ. ಹೊಡೆ ನನಗೆ, ಬೈಯಿ, ತಕ್ಕಡಿ ಎತ್ತಿ ಒಗಿ ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ. ಅವನ ಕುತ್ತಿಗೆಯ ನರ ಉಬ್ಬಿತು, ಕಣ್ಣು ಕೆಂಪಾದವು, ಮುಖದಲ್ಲಿ ಮತ್ತೆ ಅಪ್ಪ ಬಂದ, ಬಾಗಿಲ ತನಕ ಬಂದ. ನಾನು ಗೋಡೆಗೆ ಸರಿದೆ. ತಮ್ಮ ನಾನು ಸರಿದದ್ದನ್ನು ನೋಡಿದ. ನೋಡಿ, ನಿಧಾನವಾಗಿ ಕಟ್ಟೆಯ ಮೇಲೆ ಕುಳಿತು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡ. ಈ ಸಲ ಕಣ್ಣು ಮುಚ್ಚಲಿಲ್ಲ.

ರಸ್ತೆಯಲ್ಲಿ ಯಾರೋ ಹಾದರು. ಏಳು, ಎಂಟು ಎಂದು ಎಣಿಸಿ ನಕ್ಕರು. ತಕ್ಕಡಿಯ ಕೆಳಗೆ ಆ ಕಲ್ಲು ಇನ್ನೂ ಇತ್ತು. ನಾನು ಹೋಗಿ ತಮ್ಮನ ಪಕ್ಕ ಕುಳಿತು, ನನ್ನ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.